ಮೀಟರಿನ ಮುಳ್ಳು ಮೂವತ್ತರಾಗಿತ್ತು

ಮುಂಡಗೋಡದ ನಿಲ್ದಾಣದಲ್ಲಿ ಹುಬ್ಬಳ್ಳಿ ಬಸ್ಸಿಗೆ ಕಾಯುತ್ತಿದ್ದ ಗಿರಿಜಾಬಾಯಿಯ ಕಿವಿಗೆ ಬೆನ್ನ ಹಿಂದಿನ ಮಾತು ಬಿತ್ತು. ಗಾಡಿ ರಿಪೇರಿಯ ಮಿಸ್ತ್ರಿ ಅಂದಾನೆಪ್ಪ, ಕೆಲಸ ಕಳೆದುಕೊಂಡ ಡ್ರೈವರ್ ಇನಾಸನನ್ನು ಕೇಳುತ್ತಿದ್ದ.

“ಸಾವ್ಕಾರ್ರ ಕಾರು ತಿರುವಿನ್ಯಾಗ ರಸ್ತೆ ಬಿಟ್ಟು ಗದ್ದ್ಯಾಗ ಬಿದ್ದಾಗ ಮೀಟರಿನ ಮುಳ್ಳು ಎಷ್ಟರಾಗಿತ್ತು?”

“ಮೂವತ್ತರಾಗ. ಸಾವ್ಕಾರ್ರು ನಂಬಲಿಲ್ಲ. ಈಗೀಗ ನನಗೂ ನಂಬಿಕಿ ಇಲ್ಲ.”

“ನೀ ನೋಡಿದ್ದು ಖರೇನ ಐತಿ. ಹಿಂದಿನ ದಿನ ನಾ ದೊಡ್ಡ ಟಾಯರ್ ಹಾಕಿದ್ದೆ. ಟಾಯರ್ ದೊಡ್ಡದಾದ್ರ ಮೀಟರ್ ಕಮ್ಮಿ ತೋರಸತೈತಿ; ಮುಳ್ಳು ಮೂವತ್ತು ಅಂದ್ರ ಓಟ ಮೂವತ್ತೈದು. ತಿರುವಿನ್ಯಾಗ ಗಾಡಿ ಮೊದಲಿನಂಗ ತಿರಗೂದಿಲ್ಲ.”

“ನನಗ್ಯಾಕ ಹೇಳಲಿಲ್ಲರಿ?”

“ಮರತೆ. ಆಮ್ಯಾಲ ಅಂಜಿದೆ.”

“ಮೂರು ತಿಂಗಳಾತು, ಐತವಾರಕ್ಕೊಮ್ಮೆ ಪಾದ್ರಿ ಮುಂದ ಮೊಣಕಾಲೂರಿ, ಗಾಡಿ ಜೋರು ಹೊಡದೆ ಅಂತ ಪಾಪ ಒಪ್ಪಿಕೊಳ್ಳಾಕತ್ತೇನಿ.”



“ನಿಮ್ಮ ಪಾದ್ರಿ ನನ್ನಂಥವನ ತಪ್ಪೂ ಕೇಳತಾರೇನು?”

“ಮೊದಲಿಗೆ ಸಾವ್ಕಾರ್ರು ಕೇಳಲಿ. ಏಳ್ರಿ.”

ಬಸ್ಸು ಬಂದರೂ ಇಬ್ಬರೂ ಹತ್ತಲಿಲ್ಲ. ಪೇಟೆಯತ್ತ ನಡೆದರು, ಮಿಸ್ತ್ರಿ ಮುಂದೆ.