ಬಾವಿಯೊಳಗಿನ ಕುದುರೆ

ಬತ್ತಲಗುಂಡು ಬಸ್‌ ಸ್ಟ್ಯಾಂಡಿನಲ್ಲಿ ಪಳನಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಒಬ್ಬ ಅಜ್ಜಿ, ಕಾಲೇಜು ಓದುವ ಮೊಮ್ಮಗಳು ಅಭಿರಾಮಿ. ಸುತ್ತಲಿನವರೆಲ್ಲ ತಮಿಳು ಆಡುವಾಗ ಅವರದು ಕನ್ನಡ. ಅದಕ್ಕೇ ನನ್ನ ಕಿವಿ ಅತ್ತ ಹೋಯಿತು.

"ಬಾವಿಯೊಳಗೆ ಕುದುರೆ ಹೆಂಗಜ್ಜಿ ಇರ್ತದೆ? ಕಾಲೇಜಲ್ಲಿ ಎಲ್ಲಾ ನಗ್ತಾರೆ."

"ನಗ್ಲಿ ಬಿಡು ನನ್ನ ಕಣ್ಣೇ. ಕುದುರೆ ಇಲ್ಲ."

"ಇಲ್ವಾ? ಮತ್ತೆ ವರ್ಷಾ ವರ್ಷಾ ಅದಕ್ಕೆ ಹುರುಳಿ ಹಾಕ್ತೀವಲ್ಲ?"

"ನಮ್ಮತ್ತೆ ಕಟ್ಟಿದ ಕತೆ ಅದು. ಅವರ ಮೊದಲನೇ ಮಗ ಆ ಬಾವೀಲಿ ಬಿದ್ದು ಸತ್ತ. ಅತ್ತೆ ತೋಟಕ್ಕೆ ಹೋಗಿದ್ರು. ಮಗೂನ ನೋಡ್ಕೊಂಡಿದ್ದೋರು ಅವರ ಓರಗಿತ್ತಿ."

"ನಮ್ಮ ಚಿನ್ನಜ್ಜಿಯಾ?"

"ಹೂಂ. ಊರೇ ಸೇರಿ ಬಯ್ತು. ಪಾಪ, ಚಿನ್ನಜ್ಜಿನೂ ಸಾಯೋಕೆ ಅದೇ ಬಾವಿ ಕಡೆಗೆ ನಡೆದ್ರು. ಅತ್ತೆ ಅಡ್ಡ ನಿಂತು, 'ನಾನೇ ಕಂಡೆ, ನೀರಿಂದ ಕುದುರೆ ಎದ್ದು ಮಗೂನ ಎಳ್ಕೊಂಡೋಯ್ತು, ಇವಳೇನು ಮಾಡ್ತಾಳೆ?' ಅಂದುಬಿಟ್ರು."

"ತೋಟದಲ್ಲಿದ್ದೋರಿಗೆ ಹೆಂಗೆ ಕಂಡಿತು?"

"ಹೆತ್ತೋಳೇ ಹೇಳಿದ ಮೇಲೆ ಯಾರು ಕೇಳ್ತಾರೆ?"

"ಚಿನ್ನಜ್ಜಿ ನಂಬಿದ್ರಾ?"

"ಇವತ್ತಿಗೂ ಗೊತ್ತಿಲ್ಲ. ಅತ್ತೆ ಅವರ ಕೈ ಹಿಡಿದು ಒಳಗೆ ಕರ್ಕೊಂಡೋಗಿ, ಕೂರಿಸಿ ಅನ್ನ ಇಕ್ಕಿದ್ರು."

ಹುಡುಗಿ ಅಜ್ಜಿಯ ಹತ್ತಿರಕ್ಕೆ ಸರಿದು ಕೂತಳು.

"ಇದನ್ನ ಮನೇಲಿ ಎಲ್ಲರಿಗೂ ಹೇಳ್ಲಾ ಅಜ್ಜಿ?"

"ಬ್ಯಾಡ. ಚಿನ್ನಜ್ಜಿ ಇರೋ ಗಂಟ ಕುದುರೆನೂ ಇರ್ಲಿ."

ಅವರು ಕಾಯುತ್ತಿದ್ದ ಬೋಡಿ ಊರಿನ ಬಸ್ಸು ಬಂತು. ಅಭಿರಾಮಿ ಚೀಲ ಎತ್ತಿಕೊಂಡು ಮುಂದೆ ಓಡಿ, ಕಿಟಕಿ ಪಕ್ಕ ಅಜ್ಜಿಗೆ ಸೀಟು ಹಿಡಿದಳು.