ಇದಾ, ಅದಾ, ಸಾದಾ

...ಅಯ್ಯೋ, ನಿಂತೇ ಇದ್ದೀಯಲ್ಲ, ಮೊದಲು ಕೂತ್ಕೋ. ಆ ಕುರ್ಚಿ ಬೇಡ, ಅದರ ಕಾಲು ಅಲ್ಲಾಡುತ್ತೆ. ಈ ಕಡೆ ಬಾ, ನನ್ನ ಎದುರಿಗೆ. ಹೌದು ಕಣೇ, ನಿಮ್ಮತ್ತೆನೇ. ಹಾಗೆ ಕಣ್ಣು ಬಿಟ್ಕೊಂಡು ನೋಡ್ಬೇಡ, ದೆವ್ವ ಅಲ್ಲ. ಕೈಯಲ್ಲಿರೋದು ಬರ್ಗರ್ರೇ. ತಟ್ಟೆಯಲ್ಲಿರೋವೂ ಬರ್ಗರ್ರೇ. ಎಣಿಸೋದ್ಯಾಕೆ, ನಾನೇ ಹೇಳ್ತೀನಿ, ಒಟ್ಟು ನಾಲ್ಕು.

ಕನ್ನಡಕದ ಅಂಗಡಿಗೆ ಹೋಗ್ಬರ್ತೀನಿ ಅಂತ ಬೆಳಿಗ್ಗೆ ನಿನಗೆ ಹೇಳಿದ್ದು ನಿಜ. ಅಂಗಡಿ ಪಕ್ಕದಲ್ಲೇ ಇದೆ ನೋಡು, ಗಾಜಿನಾಚೆ ಬೋರ್ಡು ಕಾಣ್ತಿದ್ಯಲ್ಲ. ಒಂದು ಬಾಗಿಲು ಆ ಕಡೆ ಈ ಕಡೆ ಆಯ್ತು, ಅಷ್ಟೆ. ಯಾಕೆ ನಗ್ತೀಯ? ನಗ್ತಿಲ್ವಾ? ತುಟಿ ಹಾಗೇ ಇರೋದಾ... ಸರಿ ಸರಿ.

ಆಫೀಸ್ ಬಿಟ್ಟು ಯಾಕೆ ಬಂದೆ ಈ ಹೊತ್ತಲ್ಲಿ? ಕೊರಳಲ್ಲಿ ಕಾರ್ಡು ಕೂಡ ತೆಗೆದಿಲ್ಲ. ಏನದು ಚೀಟಿ? ತಾ ಇಲ್ಲಿ. ಸೋಮವಾರ, ಹತ್ತು ಗಂಟೆ, ಕಣ್ಣಿನ ದೊಡ್ಡ ಡಾಕ್ಟ್ರು... ಯಾರಿಗೆ? ನನಗಾ? ನನಗ್ಯಾಕೆ?

ಓ.

ಮೂರು ತಿಂಗಳಲ್ಲಿ ಹನ್ನೊಂದು ಸಲ ಕಣ್ಣು ತೋರಿಸ್ಕೊಂಡು ಬಂದ್ಲು ಅಂತ. ಅಮ್ಮನ ಕಣ್ಣು ಹೋಗ್ತಿದೆ, ನಮ್ಮ ಹತ್ರ ಮುಚ್ಚಿಡ್ತಿದ್ದಾಳೆ ಅಂತ ಅಂದ್ಕೊಂಡ್ನಾ ನನ್ನ ಮಗ? ಅಯ್ಯೋ ನನ್ನ ಕಂದ. ಅದಕ್ಕಾ ಹೋದ ವಾರ ಮೆಟ್ಟಿಲಂಚಿಗೆಲ್ಲ ಹಳದಿ ಪಟ್ಟಿ ಅಂಟಿಸಿದ್ದು? ನಾನು ಮನೆ ಚೆಂದ ಮಾಡ್ತಿದ್ದಾನೆ ಅಂದ್ಕೊಂಡೆ! ಉಪ್ಪಿನ ಡಬ್ಬಿ ಮೇಲೆ ಅಂಗೈಯಗಲ ಅಕ್ಷರದಲ್ಲಿ ‘ಉಪ್ಪು’ ಅಂತ ಬರೆದನಲ್ಲ, ನಿನಗೆ ಅಡುಗೆ ಬರಲ್ಲ ಅಂತ ಚುಚ್ಚಕ್ಕೆ ಬರೆದ ಅಂತ ನಿನ್ನ ಪರವಾಗಿ ಅವನ್ನ ಬೈದೆ ಕೂಡ. ನೀನಾದ್ರೂ ಹೇಳ್ಬಾರದಾ? ನಿನಗೂ ಅದೇ ಭಯ ಇತ್ತಾ? ಅದಕ್ಕೇ ಹಿಂದೆಯೇ ಬಂದ್ಯಾ, ರಸ್ತೆ ದಾಟೋವಾಗ ಮುದುಕಿ ಎಲ್ಲಿ ಬೀಳ್ತಾಳೋ ಅಂತ...

ಬಾ, ಕೈ ಕೊಡಿಲ್ಲಿ. ಕಣ್ಣು ಗಟ್ಟಿಯಾಗಿದೆ ಕಣೇ. ನಿನ್ನ ಕಾರ್ಡಲ್ಲಿ ಫೋಟೋ ಕೆಳಗಿನ ಸಣ್ಣಕ್ಷರ ಓದ್ಲಾ? ‘ಕಳೆದುಹೋದಲ್ಲಿ ಹಿಂತಿರುಗಿಸಿ.’ ಸಾಕಾ? ಈಗಾದ್ರೂ ಸ್ವಲ್ಪ ಉಸಿರಾಡು.

ಸರಿ, ಹೇಳ್ಬಿಡ್ತೀನಿ. ಎಣ್ಣೆ ಬೇಡ, ಬೆಣ್ಣೆ ಬೇಡ, ಕರಿದಿದ್ದು ಬೇಡ ಅಂತ ನಿನ್ನ ಗಂಡ ನನಗೊಂದು ಪಟ್ಟಿ ಮಾಡಿ ಫ್ರಿಜ್ ಮೇಲೆ ಅಂಟಿಸಿದ್ದಾನಲ್ಲ. ಬಾಯಿ ಸತ್ತು ಹೋಗಿತ್ತು. ಅದಕ್ಕೇ ಗುರುವಾರ ಗುರುವಾರ ಇಲ್ಲಿಗೆ ಬರ್ತೀನಿ. ಅಷ್ಟೇ ವಿಷಯ, ಬೇರೆ ಏನೂ ಇಲ್ಲ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತ ದೊಡ್ಡೋರು ಸುಮ್ನೆ ಹೇಳಿದ್ದಾರಾ? ಇದನ್ನ ನೀನು ಹೊಟ್ಟೆಗೆ ಹಾಕ್ಕೋಬೇಕು. ಬರ್ಗರನ್ನಲ್ಲ, ವಿಷಯಾನ. ಬರ್ಗರ್ ಬೇಕಿದ್ರೆ ಅದನ್ನೂ ಹಾಕ್ಕೋ.

ಆದ್ರೆ ಸಿಕ್ಕಿದ್ದನ್ನ ಸುಮ್ನೆ ನುಂಗೋಳಲ್ಲ ನಾನು. ನನಗೆ ಇಷ್ಟವಾದ ಬರ್ಗರ್ ಯಾವುದು ಅಂತ ಆರಿಸ್ತಾ ಇದ್ದೀನಿ. ನಗ್ಬೇಡ, ಅದೇನು ಸುಲಭದ ಕೆಲಸ ಅಂದ್ಕೊಂಡ್ಯಾ? ಇದು ಅಣಬೆದು. ಕಚ್ಚಿದ್ರೆ ಮೆತ್ತಗೆ, ಹೇಳೋ ಮಾತೂ ಮೆತ್ತಗೆ, ಆದ್ರೆ ಆಮೇಲೆ ಗಂಟೆಗಟ್ಟಲೆ ನೆನಪಾಗ್ತಾನೇ ಇರುತ್ತೆ. ಇದು ಎರಡು ಪದರ ಚೀಸ್‌ದು. ಬಲೇ ಆಡಂಬರ ಇದಕ್ಕೆ, ಮದುವೆ ಮನೆಗೆ ಬಂದ ಗಂಡಿನ ಚಿಕ್ಕಮ್ಮನ ಹಾಗೆ, ಬೇರೆ ಯಾರಿಗೂ ಮಾತಾಡಕ್ಕೇ ಬಿಡಲ್ಲ. ಇದು ಗರಿಗರಿ ಕೋಳಿ. ಸದ್ದು ಜಾಸ್ತಿ. ಇದು ಸಾದಾ. ಒಂದು ಬನ್ನು, ಒಂದು ಬಿಲ್ಲೆ, ಸುಟ್ಟ ಈರುಳ್ಳಿ, ಅಷ್ಟೆ. ಇದರ ಬಗ್ಗೆ ಏನಿದೆ ಹೇಳಕ್ಕೆ... ಏನೂ ಇಲ್ಲ.

ಯಾವುದು ಇಷ್ಟ ಅಂತ ನಾಲ್ಕನ್ನೂ ಮುಂದಿಟ್ಟು ಕೇಳಿದ್ರೆ ದೇವರಿಗೂ ಹೇಳಕ್ಕಾಗಲ್ಲ. ಅದಕ್ಕೊಂದು ಪದ್ಧತಿ ಇದೆ. ಕಣ್ಣು ಪರೀಕ್ಷೆ ಮಾಡೋವಾಗ ಮೂಗಿನ ಮೇಲೆ ಆ ಭಾರದ ಚೌಕಟ್ಟು ಇಟ್ಟು ಗಾಜು ಬದಲಾಯಿಸ್ತಾ ಕೇಳ್ತಾರಲ್ಲ, ‘ಇದಾ? ಅದಾ? ಎರಡೂ ಒಂದೇನಾ?’ ಅಂತ... ಹಾಗೇ. ಎರಡೆರಡೇ ನೋಡ್ಬೇಕು. ಕಣ್ಣು ಮುಚ್ಕೊಂಡು ಇದೊಂದು ತುತ್ತು, ಒಂದು ಗುಟುಕು ನೀರು, ಅದೊಂದು ತುತ್ತು. ಗೆದ್ದಿದ್ದು ಉಳಿಯುತ್ತೆ, ಸೋತಿದ್ದನ್ನ ಬದಿಗಿಡ್ತಾರೆ. ಮತ್ತೆ ‘ಇದಾ, ಅದಾ?’ ಎಷ್ಟು ಚೆನ್ನಾಗಿ ಕೇಳ್ತಾರೆ ಗೊತ್ತಾ, ಅವಸರನೇ ಇಲ್ಲ, ಉತ್ತರ ತಪ್ಪಾದ್ರೂ ಪರವಾಗಿಲ್ಲ ಅನ್ನೋ ಹಾಗೆ...

ಯಾರು ಕೇಳ್ತಾರೆ ಅಂದ್ರೆ? ಕಣ್ಣಂಗಡೀಲಿ ಕಣೇ. ಕಣ್ಣಂಗಡಿ ವಿಷಯ ಹೇಳ್ದೆ. ಇಲ್ಲಿ ಯಾರು ಕೇಳ್ತಾರೆ, ನಾನೇ ಕೇಳ್ಕೊಳ್ತೀನಿ. ಕಣ್ಣು ಮುಚ್ಚಿದ್ರೆ ತುತ್ತು ಕೊಡೋದೂ ನಾನೇ. ಎಡಗೈಲಿ. ಹಾಗೇನು ನೋಡ್ತೀಯ, ಎಡಗೈಗೆ ನಂಬಿಕೆ ಇಲ್ವಾ?

ಆ ಕುರ್ಚಿ ಮುಟ್ಬೇಡ ಅಂದ್ನಲ್ಲ. ಸ್ವೆಟರಾ? ನಂದೇ. ಗಂಡಸರದ್ದು ಅಂತ ಯಾರಂದ್ರು? ಚಳಿಗೆ ಗಂಡಸು ಹೆಂಗಸು ಅಂತ ಇದ್ಯಾ? ಬಿಡು, ಜೇಬಿಗೆಲ್ಲ ಯಾಕೆ ಕೈ ಹಾಕ್ತೀಯ... ಅದು ಸ್ಕ್ರೂಡ್ರೈವರ್. ಕನ್ನಡಕದ ಕಾಲು ಬಿಗಿ ಮಾಡೋ ಪುಟ್ಟ ಸ್ಕ್ರೂಡ್ರೈವರ್. ನಾನು ಇತ್ತೀಚೆಗೆ ಅದನ್ನೂ ಕಲೀತಿದ್ದೀನಿ.

...

ಏನಾದ್ರೂ ಅನ್ನೇ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಕಿವಿಗೆ ಮೌನ ಹಾಕ್ಕೊಂಡು ಕೂತೋಳು ನಾನು. ಆ ಕಡೆ ಲೈನ್ ಕಟ್ ಆಗಿದ್ಯೋ, ಬಾಯಿ ಮುಚ್ಕೊಂಡು ಕೇಳ್ತಿದ್ದಾರೋ, ಒಂದು ಉಸಿರಲ್ಲಿ ಹೇಳ್ತಿದ್ದೆ. ನೀನು ಕೇಳ್ತಿದ್ದೀಯ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ, ನೀನು ಕಳ್ಳ ಅಂತಲೂ ಅನ್ನಲಿಲ್ಲ, ನಾನಾಗಲೇ ಎರಡೂ ಹೆಗಲು ಒರೆಸ್ಕೊಂಡು ಕೂತಿದ್ದೀನಿ.

ಕನ್ನಡಕದವರದ್ದು. ಸ್ವೆಟರ್ ಅವರದ್ದು. ಗಿರಾಕಿ ಬಂದ್ರು ಅಂತ ಅಂಗಡಿಗೆ ಹೋಗಿದ್ದಾರೆ, ಹತ್ತು ನಿಮಿಷ ಅಂದ್ರು.

ಹಾಗೆ ಬಾಯಿ ಮೇಲೆ ಕೈ ಇಟ್ಕೋಬೇಡ. ಕಳಿಸಿದ್ದು ನೀನೇ ತಾನೇ? ಸೋಫಾದಲ್ಲಿ ನಾನು ಕನ್ನಡಕದ ಮೇಲೇ ಕೂತು ಅದರ ಕಾಲು ಮುರಿದಾಗ, ‘ಬರ್ಗರ್ ಅಂಗಡಿ ಪಕ್ಕದಲ್ಲಿ ಒಬ್ಬರಿದ್ದಾರೆ, ಬಲು ತಾಳ್ಮೆ’ ಅಂತ ಹೇಳಿದ್ಯಾರು? ತಾಳ್ಮೆ ಅನ್ನೋದು ಸುಳ್ಳಲ್ಲ. ಅವತ್ತು ನನ್ನ ಪರೀಕ್ಷೆ ಮುಗಿಯೋ ಹೊತ್ತಿಗೆ ಎರಡು ಗಂಟೆ. ಊಟ ಆಗಿಲ್ಲ ಅಂದ್ರು. ನಂದೂ ಆಗಿಲ್ಲ ಅಂದೆ. ಇಲ್ಲಿ ಬಂದು ಆ ಗೋಡೆ ಮೇಲಿನ ಪಟ್ಟಿ ನೋಡ್ತಾ ಇಬ್ರೂ ಬಾಯಿ ಬಿಟ್ಕೊಂಡು ನಿಂತ್ವಿ. ಯಾವುದು ತಗೋಬೇಕು ಅಂತ ಇಬ್ರಿಗೂ ಗೊತ್ತಿಲ್ಲ. ‘ಪರೀಕ್ಷೆ ಮಾಡೇಬಿಡೋಣ’ ಅಂದ್ರು. ಹಿಂದೆ ಸಾಲಲ್ಲಿ ನಿಂತೋರೆಲ್ಲ ನಕ್ಕಿದ್ದೇ ನಕ್ಕಿದ್ದು. ನಾನೂ ನಕ್ಕೆ ಕಣೇ. ನಿನ್ನ ಮಾವ ಹೋಗಿ ಒಂಬತ್ತು ವರ್ಷ ಆಯ್ತು, ಹಾಗೆ ಹೊಟ್ಟೆ ಹಿಡ್ಕೊಂಡು ನಕ್ಕಿದ್ದು ನನಗೆ ನೆನಪೇ ಇಲ್ಲ.

ಅವರ ಹೆಂಡತಿ ಹೋಗಿ ಐದು ವರ್ಷ. ಮಗಳಿದ್ದಾಳೆ, ಮದುವೆ ಆಗಿದೆ. ಸಿಗರೇಟಿಲ್ಲ, ಸಿಟ್ಟಿಲ್ಲ. ತಿನ್ನೋವಾಗ ಸ್ವಲ್ಪ ಸದ್ದು ಮಾಡ್ತಾರೆ. ಕೇಳಲಿಲ್ಲ ನೀನು, ಗೊತ್ತು. ನಾನೇ ಹೇಳ್ತಿದ್ದೀನಿ.

ಮೂರನೇ ಗುರುವಾರ ಒಂದು ಮಾತು ಕೇಳಿದ್ರು. ಏನು ಅಂತ ನಾನು ಬಾಯಿ ಬಿಟ್ಟು ಹೇಳ್ಬೇಕಾ? ಹೇಳಲ್ಲ, ನಾಚಿಕೆ. ಅರವತ್ತೆರಡಕ್ಕೆ ನಾಚಿಕೆ ಬರಲ್ಲ ಅಂತ ಯಾರೋ ಹೇಳಿದ್ದು ಶುದ್ಧ ಸುಳ್ಳು. ಯೋಚಿಸ್ತೀನಿ ಅಂದೆ. ಅದಕ್ಕವರು, ‘ಅವಸರ ಇಲ್ಲ. ನಮ್ಮಿಬ್ಬರಿಗೂ ಒಂದೇ ಬರ್ಗರ್ ಇಷ್ಟ ಅಂತ ಆದ ದಿನ ನಿಮ್ಮ ಮನೆಗೆ ಬಂದು ನಿಮ್ಮ ಮಗನ ಹತ್ರ ಮಾತಾಡ್ತೀನಿ. ಅಲ್ಲಿವರೆಗೂ ಇನ್ನೊಂದು ಸಲ ಕೇಳಲ್ಲ’ ಅಂದ್ರು. ತಮಾಷೆಗೇ ಅಂದಿದ್ದು. ಆದ್ರೆ ಆ ಮಾತನ್ನ ಬಿಟ್ಟಿಲ್ಲ, ಒಂದು ಸಲಾನೂ ಕೇಳಿಲ್ಲ. ಅವರದ್ದು ಮೊದಲ ದಿನದಿಂದ್ಲೂ ಸಾದಾ. ನಂದೇ ಒಂದು ವಾರ ಅಣಬೆ, ಇನ್ನೊಂದು ವಾರ ಚೀಸು. ಕೆಲವು ಸಲ ‘ಎರಡೂ ಒಂದೇ ಅನ್ಸುತ್ತೆ’ ಅಂತ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ನಾನೇನು ಮಾಡ್ಲಿ, ನಾಲಿಗೆ ಒಪ್ಬೇಕಲ್ಲ. ಕೋಳಿ ಕೂಡ ಒಳ್ಳೇದೇ. ಇನ್ನೊಂದು ನಾಲ್ಕು ವಾರ ನೋಡಿದ್ರೆ ಖಂಡಿತ ಗೊತ್ತಾಗುತ್ತೆ. ಇಲ್ಲಾಂದ್ರೆ ಎಂಟು ವಾರ.

ಏನು ಮಾಡ್ತಿದ್ದೀಯ? ಯಾಕೆ ತುಂಡು ಮಾಡ್ತೀಯ? ಕೈ ತೊಳ್ಕೊಂಡಿದ್ಯಾ? ನನಗಾ? ಬೇಡ ಕಣೇ, ನೀನಲ್ಲ... ನಿನ್ನ ಹತ್ರ ಬೇಡ. ಸರಿ, ಮುಚ್ದೆ, ಮುಚ್ದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡೀತಂತೆ, ನಾನು ಕಣ್ಣು ಮುಚ್ಚಿ ಬರ್ಗರ್ ತಿಂತೀನಿ, ಕೊಡು.

ಹ್ಞೂಂ. ಇದು ಚಿಕ್ಕಮ್ಮ. ಚೀಸು.

ನೀರು ಕೊಡು.

ಹ್ಞೂಂ... 

ಕೇಳು ಮತ್ತೆ, ‘ಇದಾ, ಅದಾ’ ಅಂತ. ಕೇಳಲ್ವಾ? ಕೇಳಿದ್ರೇನೇ ಸುಳ್ಳು ಹೇಳೋದು ಸುಲಭ ಕಣೇ. ಹೀಗೆ ಸುಮ್ನಿದ್ರೆ ಹೇಗೆ...

ಎರಡನೇದು. ಸಾದಾ.

ಹೌದು, ಗೊತ್ತು. ಎರಡನೇ ವಾರದಿಂದ್ಲೇ ಗೊತ್ತು. ಬಾಯಿಗಿಟ್ಟ ತಕ್ಷಣ ಗೊತ್ತಾಗುತ್ತೆ, ಆ ಸುಟ್ಟ ಈರುಳ್ಳಿ ಬಂದ ಕೂಡ್ಲೇ ಬೇರೆ ಯಾವುದೂ ಬೇಡ ಅನ್ಸುತ್ತೆ. ಆದ್ರೂ ‘ಇನ್ನೊಂದು ಸಲ ಕೊಡಿ, ಸರಿಯಾಗಿ ಗೊತ್ತಾಗ್ಲಿಲ್ಲ’ ಅಂತೀನಿ. ಅವರು ಪಾಪ ನಂಬ್ಕೊಂಡು ಕೊಡ್ತಾರೆ. ಮುಖ ಸ್ವಲ್ಪ ಇಳಿಯುತ್ತೆ, ತಕ್ಷಣ ಸರಿ ಮಾಡ್ಕೊಂಡು ಕೊಡ್ತಾರೆ. ಕಣ್ಣು ಮುಚ್ಚಿದ್ರೂ ಅದು ನನಗೆ ಕಾಣುತ್ತೆ.

ಮಗ ಬೇಡ ಅಂತಾನೆ ಅಂತ ಭಯ ಇಲ್ಲ. ನನ್ನ ಮಗ ಹಾಗನ್ನಲ್ಲ. ಆದ್ರೆ ಹೇಳಿದ ಕೂಡ್ಲೇ ಅಪ್ಪನ ಫೋಟೋ ಕಡೆಗೊಂದು ಸಲ ನೋಡ್ತಾನಲ್ಲ... ಅದನ್ನ ನೋಡಕ್ಕೆ ನನ್ನ ಕೈಲಾಗಲ್ಲ. ಆಮೇಲೆ ಅವನು ಎಷ್ಟು ಒಳ್ಳೆ ಮಾತಾಡಿದ್ರೂ ಆ ಒಂದು ನೋಟ ನನ್ನ ಕಣ್ಣಲ್ಲೇ ಉಳಿಯುತ್ತೆ. ಅದಕ್ಕೇ ಮುಂದಕ್ಕೆ ಹಾಕ್ತಾ ಬಂದೆ. ಗುರುವಾರ ಬಂದ್ರೆ ಸಾಕು, ಬೆಳಿಗ್ಗೆಯಿಂದ ನಾನು ಹುಚ್ಚಿ ಥರ ಆಡ್ತೀನಿ, ಬಾಗಿಲಿಗೆ ಬೀಗ ಹಾಕಿದ್ನಾ ಅಂತ ನಾಲ್ಕು ಸಲ ನೋಡ್ತೀನಿ. ಇಷ್ಟೊಂದು ಖುಷಿ ಇದೆಯಲ್ಲ, ಇದಕ್ಕಿಂತ ಹೆಚ್ಚು ಯಾಕೆ ಕೇಳ್ಬೇಕು ಅಂತ. ಆದ್ರೆ ಅವರಿಗೆ ಮೋಸ ಮಾಡ್ತಿದ್ದೀನಿ ಕಣೇ. ಎಂಟು ವಾರದಿಂದ ಒಬ್ಬ ಒಳ್ಳೆ ಮನುಷ್ಯನ್ನ ಬಾಗಿಲ ಹೊರಗೆ ನಿಲ್ಲಿಸಿದ್ದೀನಿ. ಅವರಿಗೆ ಮಾತ್ರ ಹೇಳ್ಬೇಡ. ನಾನೇ ಯಾವತ್ತಾದ್ರೂ...

ಏನದು ಮೂಗಿನ ಸದ್ದು?

ಅಳ್ತಿದ್ದೀಯಾ? ಏ ಹುಡುಗಿ. ಕಣ್ಣು ಬಿಡ್ತೀನಿ ನೋಡು ಈಗ.

...

ನೀವು ಯಾವಾಗ ಬಂದ್ರಿ?

ಗಿರಾಕಿ ಹೋದ್ರಾ... ಕೂತ್ಕೊಳ್ಳಿ. ಇವಳು ನನ್ನ ಸೊಸೆ. ಗೊತ್ತಾ? ಹೌದಲ್ಲ, ಅವಳ ಕನ್ನಡಕ ಮಾಡಿದ್ದೂ ನೀವೇ ಅಲ್ವಾ. ನಾವು ಸುಮ್ನೆ ಚೀಸ್ ಬಗ್ಗೆ ಮಾತಾಡ್ತಿದ್ವಿ. ಚೀಸ್ ಇವತ್ತು ಸ್ವಲ್ಪ ಉಪ್ಪು ಜಾಸ್ತಿ ಅಂತ...

ಏನು ಕೇಳಿಸ್ತು ನಿಮಗೆ?

ಏ, ನೋಡ್ತಾ ನೋಡ್ತಾ ಸುಮ್ನಿದ್ಯಾ ನೀನು? ಅವರು ಬಂದು ನಿಂತಿದ್ದು ನಿನಗೆ ಕಾಣ್ತಿತ್ತಲ್ಲ? ಒಂದು ಕೆಮ್ಮು ಕೆಮ್ಮಬಾರದಾ? ಸರಿ, ನಾನೇ ಹೇಳ್ತೀನಿ. ಸಾದಾ ಕಣ್ರೀ. ಮೊದಲಿಂದ್ಲೂ ಸಾದಾ. ನಾನು ಹೇಳಿದ್ದೆಲ್ಲ ಸುಳ್ಳು. ಬೈಯೋದಿದ್ರೆ ಬೈರಿ. ಅಯ್ಯೋ, ಕನ್ನಡಕ ತೆಗೆದು ಯಾಕೆ ಒರೆಸ್ತೀರಿ, ಅದರಲ್ಲಿ ಧೂಳೇ ಇಲ್ಲ... ನನಗೂ ಕಣ್ಣಲ್ಲಿ ನೀರು ಬರುತ್ತೆ.

ಇವತ್ತು ಸಂಜೆ ಬನ್ನಿ. ಇವತ್ತೇ. ಮಗ ಆರೂವರೆಗೆ ಬರ್ತಾನೆ. ಬಂದ ತಕ್ಷಣ ಹೇಳ್ಬೇಡಿ, ಹಸಿವಾದ್ರೆ ಅವನಿಗೆ ಏನೂ ಕೇಳಿಸಲ್ಲ. ಮೊದಲು ಊಟ ಆಗ್ಲಿ. ಆಮೇಲೆ ನೀವು ಮಾತಾಡಿ. ನಾನು ಎದ್ದು ಅಡುಗೆಮನೆಗೆ ಹೋಗಲ್ಲ. ನಿಮ್ಮ ಪಕ್ಕದಲ್ಲೇ ಕೂತು ಅವನ ಮುಖ ನೋಡ್ತಿರ್ತೀನಿ, ಕಣ್ಣು ಬಿಟ್ಕೊಂಡು.