ಹಳದಿ ಪರದೆಯ ಕಿಟಕಿ

ಕಳೆದ ನವೆಂಬರಿನಲ್ಲಿ ನಮ್ಮೂರ ಪ್ರಾಥಮಿಕ ಶಾಲೆಗೆ ದೊಡ್ಡ ಆಪತ್ತು ಬಂತು. ಕಂದು ಬಣ್ಣ ಮುಗಿದುಹೋಯಿತು. ಇಂಗ್ಲೆಂಡಿನ ನಮ್ಮ ಲ್ಯಾಂಕಶೈರಿನಲ್ಲಿ ಇದಕ್ಕಿಂತ ಚಿಕ್ಕ ಕಾರಣಗಳಿಗೂ ಸಭೆ ಸೇರಿದ್ದುಂಟು, ಇದಕ್ಕೂ ಸೇರಿದರು. ಮಕ್ಕಳು ವಿಕ್ಟೋರಿಯಾ ರಾಣಿಯ ಕಾಲದ ಪಟ್ಟಣವನ್ನು ಕಲಿಯುತ್ತಿದ್ದರು. ಇಟ್ಟಿಗೆ, ಹೊಗೆ, ಕೆಸರು... ಮೂರಕ್ಕೂ ಕಂದೇ ಬೇಕು. ಕೊನೆಗೆ ಟೀಚರುಗಳ ಕೋಣೆಯ ಚಹಾಪುಡಿಯನ್ನೆಲ್ಲ ಕುದಿಸಿ, ಪಾಠಕ್ಕೆಂದು ಕಟ್ಟಿದ ರಟ್ಟಿನ ಗೋಡೆಗೆ ಬಳಿದರು. ಎರಡು ದಿನ ಯಾರಿಗೂ ಚಹಾ ಇಲ್ಲ. ಹೇಗೋ ಸಹಿಸಿಕೊಂಡರು.

ಆ ಗೋಡೆ ಕಟ್ಟಿಸಿದವಳು ನನ್ನ ಚಿಕ್ಕಮ್ಮನ ಮಗಳು ಗ್ವೆಂಡಾ, ಅಲ್ಲಿನ ಟೀಚರು. ಇದು ಅವಳಿಗೆ ಆದದ್ದು.

ಸಭಾಂಗಣದ ಉದ್ದಕ್ಕೂ ರಟ್ಟಿನ ಬೀದಿ. ಮಗುವಿಗೊಂದು ಕಿಟಕಿ, ಅವರವರದಕ್ಕೆ ಅವರೇ ಬಣ್ಣ ಹಚ್ಚಬೇಕು. ಆಮೇಲೆ ನಾಟಕ. ಬಡವರ ಮನೆಯಲ್ಲಿ ಗಡಿಯಾರವಿಲ್ಲದ ಆ ಕಾಲದಲ್ಲಿ ಗಿರಣಿ ಆಳುಗಳನ್ನು ಎಬ್ಬಿಸಲೆಂದೇ ಒಬ್ಬ ಬರುತ್ತಿದ್ದ. ಕೈಯಲ್ಲಿ ಉದ್ದನೆಯ ಕೋಲು, ಕೋಲಿನ ತುದಿಗೆ ತಂತಿ. ಮಹಡಿಯ ಕಿಟಕಿಗೆ ತಟ್ಟಿ ನಿಲ್ಲುತ್ತಿದ್ದ. ಒಳಗಿನಿಂದ "ಎದ್ದೆ" ಅನ್ನುವ ತನಕ ಮುಂದಿನ ಮನೆಗೆ ಹೋಗುವಂತಿಲ್ಲ. ಅದು ಅವನ ಕಸುಬಿನ ನಿಯಮ.

ಕಿಟಕಿಗಳಲ್ಲಿ ಒಂದು ಫ್ರೇಯಾಳದು. ಸೆಪ್ಟೆಂಬರಿನಲ್ಲೇ ಬಣ್ಣದಲ್ಲಿ ಬರೆದಿಟ್ಟಿದ್ದಳು... ಎರಡು ಬದಿಗೆ ಸರಿಸಿದ ಹಳದಿ ಪರದೆ. "ಆ ಕಾಲದ ಬಡವರ ಮನೇಲಿ ಇಂಥ ಹಳದಿ ಎಲ್ಲಿತ್ತೇ?" ಅಂತ ಗ್ವೆಂಡಾ ಕೇಳಿದರೆ, "ನಮ್ಮನೇಲಿತ್ತು ಮಿಸ್" ಅಂದಳಂತೆ. ಶಾಲೆಯ ಹಳದಿ ಬಣ್ಣವೆಲ್ಲ ಅವಳೊಬ್ಬಳಿಗೇ ಮುಗಿಯಿತು.

ಅಕ್ಟೋಬರ್ ರಜೆಯಲ್ಲಿ ಫ್ರೇಯಾ ನಿದ್ದೆಯಲ್ಲೇ ತೀರಿಕೊಂಡಳು. ಉಬ್ಬಸ. ಅವಳ ತಾಯಿ ಕಾರ್ಲಾ ಅದೇ ಶಾಲೆಯಲ್ಲಿ ಮಧ್ಯಾಹ್ನದ ಊಟ ಬಡಿಸುವವಳು.

ಕಿಟಕಿ ಕಿತ್ತುಹಾಕಲು ಗ್ವೆಂಡಾಗೆ ಮನಸ್ಸಾಗಲಿಲ್ಲ. ಕೋಲು ಹಿಡಿಯುವ ಹುಡುಗ ಹಮ್ಜಾನಿಗೆ, ಅದೊಂದನ್ನು ದಾಟಿ ಹೋಗು ಎಂದಿದ್ದಳು. ಅಭ್ಯಾಸದ ದಿನ ಅವನು ಮರೆತ. ತಟ್ಟಿಬಿಟ್ಟ.

ಮಕ್ಕಳೆಲ್ಲ ಆ ಕಿಟಕಿಯತ್ತ ತಿರುಗಿದರು.

"ಮುಂದೆ ಹೋಗೋ" ಅಂದಳು ಗ್ವೆಂಡಾ.

"ಉತ್ತರ ಬರೋ ತನಕ ಹೋಗ್ಬಾರ್ದು ಅಂತ ನೀವೇ ಹೇಳಿದ್ರಲ್ಲ ಮಿಸ್..."

ಹುಡುಗ ಕೋಲು ಇಳಿಸಲಿಲ್ಲ. ಬಾಗಿಲಲ್ಲಿ ಕಾರ್ಲಾ, ಕೈಯಲ್ಲಿ ತಟ್ಟೆಗಳ ರಾಶಿ ಹಿಡಿದು, ಎಲ್ಲವನ್ನೂ ನೋಡುತ್ತಿದ್ದಳು.

ಅಂದು ಸಂಜೆ ಗ್ವೆಂಡಾ ಕಾಲುವೆಯ ಪಕ್ಕದ ದಾರಿಯಲ್ಲಿ ಮನೆಗೆ ಹೊರಟಳು. ಆಗಲೇ ಗವ್ವೆನ್ನುವ ಕತ್ತಲು. ತೂಬಿನಿಂದ ನೀರು ಸೋರುತ್ತಿತ್ತು... ಚಿಳಕ್, ಚಿಳಕ್. ಜೇಬಿಗೆ ಕೈ ಹಾಕಿದರೆ ಸಭಾಂಗಣದ ಕೀಲಿಕೈ. ಬಾಗಿಲು ಹಾಕದೆ ಬಂದಿದ್ದಳು. ಹಿಂದಿರುಗಿದಳು.

ಒಳಗೆ ದೀಪವಿರಲಿಲ್ಲ. ಸದ್ದಿತ್ತು. ಕೋಲಿನ ತಂತಿ ಒಣ ರಟ್ಟಿಗೆ ತಗುಲುವ ಸದ್ದು. ಟಪ್... ಟಪ್ ಟಪ್...

ಕಾರ್ಲಾ.

"ಕಾರ್ಲಾ, ಮನೆಗೆ ಹೋಗಮ್ಮ" ಅಂದಳು ಗ್ವೆಂಡಾ, ಪಿಸುಮಾತಿನಲ್ಲಿ.

"ಹೋಗ್ತೀನಿ ಮಿಸ್. ಉತ್ತರ ಬರ್ಲಿ."

"ಕಾರ್ಲಾ..."

"ಅವತ್ತು ರಜೆ ಅಂತ ಎಬ್ಬಿಸ್ಲಿಲ್ಲ ಮಿಸ್. ಮಲಗ್ಲಿ ಬಿಡು ಅಂದ್ಕೊಂಡೆ. ಟೋಸ್ಟು ಆರಿಹೋಯ್ತು, ಮತ್ತೆ ಮಾಡ್ದೆ. ಅದೂ ಆರ್ತು. ಆಮೇಲೆ ಮೇಲೆ ಹೋದೆ..."

ಟಪ್... ಟಪ್ ಟಪ್...

ಇವಳು ಬೆಳಗಿನವರೆಗೂ ಕದಲುವವಳಲ್ಲ ಎಂದು ಗ್ವೆಂಡಾಗೆ ತಿಳಿಯಿತು. ಮೆಲ್ಲನೆ ರಟ್ಟಿನ ಬೀದಿಯ ಹಿಂದೆ ಹೋದಳು. ಫ್ರೇಯಾಳ ಕಿಟಕಿಯ ಹಿಂದಿನ ಪುಟ್ಟ ಬೆಂಚಿನ ಮೇಲೆ ಮೊಣಕಾಲು ಮಡಚಿ ಕುಳಿತಳು. ಪಾಪವೋ ಪುಣ್ಯವೋ, ಮಗುವಿನ ದನಿಯಲ್ಲಿ "ಎದ್ದೆ" ಎಂದುಬಿಡೋಣ, ಹೆಂಗಸು ಮನೆ ಸೇರಲಿ. ಬಾಯಿ ತೆರೆದಳು. ಗಂಟಲಿನಿಂದ ಸ್ವರ ಹೊರಡಲಿಲ್ಲ.

ಪಕ್ಕದಿಂದ ಆಕಳಿಕೆ ಕೇಳಿಸಿತು.

"ಐದೇ ನಿಮಿಷ ಅಮ್ಮಾ..."

ನಿದ್ದೆಗಣ್ಣಿನ ದನಿ. ಸ್ವಲ್ಪ ಸಿಡುಕು.

ಆಚೆ ಸದ್ದು ನಿಂತಿತು. ಆಮೇಲೆ ಕಾರ್ಲಾಳ ಮಾತು, ದಿನವೂ ಆಡುವ ಮಾತಿನ ಹಾಗೆ:

"ಆಯ್ತು ಕಂದ. ಮಲ್ಕೋ."

ಕೋಲು ನೆಲಕ್ಕಿಡುವ ಸದ್ದು. ಗ್ವೆಂಡಾ ಹೊರಬಂದಾಗ ಕಾರ್ಲಾ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಳು. "ನೀವು ಒಳ್ಳೆಯವ್ರು ಮಿಸ್" ಅಂದಳು. "ಥೇಟ್ ಅವಳ ಹಾಗೇ ಹೇಳಿದ್ರಿ."

ಗ್ವೆಂಡಾ ಇಲ್ಲವೆನ್ನಲಿಲ್ಲ. ಇವತ್ತಿಗೂ ಅಂದಿಲ್ಲ.

ಮರುದಿನ ಬೆಳಿಗ್ಗೆ ಆ ಕಿಟಕಿಯ ಹಳದಿ ಪರದೆ ಮುಚ್ಚಿತ್ತು. ಎರಡು ಬದಿಗಿದ್ದದ್ದು ನಡುವಿಗೆ ಬಂದು ಸೇರಿತ್ತು. ಬಣ್ಣ ಒಣಗಿತ್ತು. ಯಾರೋ ತಿದ್ದಿರಬೇಕು ಅನ್ನುವವರು ಅನ್ನಲಿ. ಶಾಲೆಯಲ್ಲಿ ಹಳದಿ ಇರಲಿಲ್ಲ. ಆ ಕಿಟಕಿಯನ್ನು ಮೊದಲೂ ನೋಡಿದ್ದೇನೆ, ಆಮೇಲೂ ನೋಡಿದ್ದೇನೆ.

ನಾಟಕ ಶುಕ್ರವಾರ ನಡೆಯಿತು. ಹಮ್ಜಾ ಆ ಕಿಟಕಿಗೆ ತಟ್ಟಲಿಲ್ಲ. ಕಂದು ಬಣ್ಣ ಜನವರಿಯಲ್ಲಿ ಬಂತು.